ಚೆಂಡು ಮುಂದೆ ಯಾರ ಕೈಗೆ? ನೋಡಿಸಿಕೊಂಡು ಹೋಗುವ ಬಾಸ್ಕೆಟ್‌ಬಾಲ್ ತಂಡಗಳ ಬಗ್ಗೆ

1950ರ ನವೆಂಬರ್ 22. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಒಂದು ಪಂದ್ಯ, ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯದ್ದು. ಒಂದು ಕಡೆ ಊರಿನ ತಂಡ ಲೇಕರ್ಸ್, ಇನ್ನೊಂದು ಕಡೆ ಫೋರ್ಟ್ ವೇನ್ ಪಿಸ್ಟನ್ಸ್. ಲೇಕರ್ಸ್‌ನಲ್ಲಿ ಜಾರ್ಜ್ ಮೈಕನ್ ಇದ್ದರು. ಆರು ಅಡಿ ಹತ್ತು ಇಂಚು ಎತ್ತರ, ಆ ಕಾಲದ ಅತಿ ದೊಡ್ಡ ಆಟಗಾರ. ಅವರನ್ನು ತಡೆಯಲು ಪಿಸ್ಟನ್ಸ್ ಒಂದು ದಾರಿ ಹುಡುಕಿತು. ಚೆಂಡು ಸಿಕ್ಕರೆ ಅದನ್ನು ಹಿಡಿದುಕೊಂಡು ಸುಮ್ನೆ ನಿಂತುಬಿಡುವುದು. ಇಷ್ಟು ಹೊತ್ತಿನೊಳಗೆ ಶಾಟ್ ಹೊಡೆಯಲೇಬೇಕು ಎಂಬ ನಿಯಮ ಆಗ ಇರಲಿಲ್ಲ. 48 ನಿಮಿಷ ಮುಗಿದಾಗ ಪಿಸ್ಟನ್ಸ್ 19, ಲೇಕರ್ಸ್ 18. ಆ 18ರಲ್ಲಿ 15 ಪಾಯಿಂಟ್ ಮೈಕನ್ ಒಬ್ಬರದ್ದೇ. ಎನ್‌ಬಿಎ ಇತಿಹಾಸದಲ್ಲಿ ಇಷ್ಟು ಕಡಿಮೆ ಸ್ಕೋರಿನ ಪಂದ್ಯ ಮತ್ತೊಂದಿಲ್ಲ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಒಳ್ಳೆಯ ಪಂದ್ಯ ಎಂದರೆ ಹೇಗಿರಬೇಕು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಕೊನೆಯ ಕ್ಷಣದವರೆಗೂ ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗಬಾರದು. ಆ ಲೆಕ್ಕದಲ್ಲಿ ಒಂದೇ ಪಾಯಿಂಟ್‌ನಲ್ಲಿ ಮುಗಿದ ಈ ಪಂದ್ಯ ಅದ್ಭುತವಾಗಿರಬೇಕಿತ್ತು, ಅಲ್ವಾ? ಆದರೆ ಚೆಂಡು ಹಿಡಿದು ನಿಂತ ಮನುಷ್ಯನನ್ನು ನಿಮಿಷಗಟ್ಟಲೆ ನೋಡುತ್ತ ಕೂರುವುದನ್ನು ಕಲ್ಪಿಸಿಕೊಳ್ಳಿ. ಅಂತರ ಕಡಿಮೆ ಇದ್ದ ಮಾತ್ರಕ್ಕೆ ಆಟ ಚೆಂದವಾಗುವುದಿಲ್ಲ. ಇದು ನನ್ನ ಮೊದಲ ಮಾತು.

ಈ ರೋಗಕ್ಕೆ ಮದ್ದು ಬಂದದ್ದು 1954ರಲ್ಲಿ. ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. ತಮಗೆ ಖುಷಿ ಕೊಟ್ಟ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆದಿರುತ್ತವೆ. 48 ನಿಮಿಷ ಎಂದರೆ 2880 ಸೆಕೆಂಡ್. ಅದನ್ನು 120ರಿಂದ ಭಾಗಿಸಿದರೆ 24. ಹಾಗೆ ಹುಟ್ಟಿದ್ದು 24 ಸೆಕೆಂಡಿನ ಶಾಟ್ ಕ್ಲಾಕ್: ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು. ಒಂದೇ ಸೀಸನ್‌ನಲ್ಲಿ ಒಂದು ತಂಡದ ಸರಾಸರಿ ಸ್ಕೋರ್ 79ರ ಆಸುಪಾಸಿನಿಂದ 93ಕ್ಕೆ ಏರಿತು. ಗಮನಿಸಿ, ಬಿಯಾಸೋನ್ ಲೆಕ್ಕ ಶುರುವಾದದ್ದು ತಮಗೆ ಯಾವ ಆಟ ಇಷ್ಟವಾಗಿತ್ತು ಎಂಬುದರಿಂದ. ನೋಡುವವನ ಸಂತೋಷವನ್ನು ಅಳತೆಗೋಲು ಮಾಡಿಕೊಂಡು ಬರೆದ ನಿಯಮ ಅದು. ನನಗೆ ಅವರ ಬಗ್ಗೆ ತುಂಬಾ ಗೌರವ. ಮೊದಲ ಶಾಟ್ ಕ್ಲಾಕ್ ಸೀಸನ್‌ನ ಚಾಂಪಿಯನ್ ಆದದ್ದೂ ಅವರ ತಂಡವೇ.

ಹಾಗಾದರೆ ಸ್ಕೋರ್ ಜಾಸ್ತಿಯಾದಷ್ಟೂ ಖುಷಿ ಜಾಸ್ತಿಯೇ? ಅದೂ ಅಲ್ಲ. 2024ರ ಆಲ್‌ಸ್ಟಾರ್ ಪಂದ್ಯ ನೋಡಿದವರು ನಿಮ್ಮಲ್ಲಿ ಇರಬಹುದು. ಜಗತ್ತಿನ ಅತ್ಯುತ್ತಮ ಆಟಗಾರರು ಒಂದೇ ಕೋರ್ಟಿನಲ್ಲಿ. ಈಸ್ಟ್ 211, ವೆಸ್ಟ್ 186. ಆಲ್‌ಸ್ಟಾರ್ ಪಂದ್ಯದಲ್ಲಿ ಒಂದು ತಂಡ 200 ದಾಟಿದ್ದು ಅದೇ ಮೊದಲು. ಆದರೆ ಯಾರೂ ಯಾರನ್ನೂ ತಡೆಯಲಿಲ್ಲ. ಓಡಿ ಬಂದವರಿಗೆ ದಾರಿ ಬಿಟ್ಟರು, ನಿಂತು ಹೊಡೆದವರಿಗೆ ಜಾಗ ಬಿಟ್ಟರು. ಮುಂದಿನ ವರ್ಷವೇ ಎನ್‌ಬಿಎ ಆ ಪಂದ್ಯದ ರೂಪವನ್ನು ಬದಲಿಸಿ, ನಾಲ್ಕು ತಂಡಗಳ ಪುಟ್ಟ ಟೂರ್ನಿ ಮಾಡಿತು.

ಇದಕ್ಕೆ ವಿರುದ್ಧವಾದದ್ದು 2020ರ ಆಲ್‌ಸ್ಟಾರ್. ಆ ವರ್ಷ ಕೊನೆಯ ಕ್ವಾರ್ಟರ್‌ಗೆ, ಅಂದರೆ ಪಂದ್ಯದ ನಾಲ್ಕನೇ ಭಾಗಕ್ಕೆ, ಗಡಿಯಾರವನ್ನೇ ತೆಗೆದುಹಾಕಿದ್ದರು. ಮುಂದಿದ್ದ ತಂಡದ ಸ್ಕೋರಿಗೆ 24 ಸೇರಿಸಿ, ಅದನ್ನು ಮೊದಲು ಮುಟ್ಟಿದವರು ಗೆದ್ದಂತೆ ಎಂದರು. ಆ 24 ಕೋಬಿ ಬ್ರಯಾಂಟ್ ಅವರ ಜೆರ್ಸಿ ಸಂಖ್ಯೆ. ಅವರು ತೀರಿಹೋಗಿ ಮೂರು ವಾರ ಆಗಿತ್ತಷ್ಟೇ. ಗುರಿ 157. ಅಷ್ಟು ಹೊತ್ತು ಆರಾಮಾಗಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಒಬ್ಬರಿಗೊಬ್ಬರು ಅಂಟಿಕೊಂಡು ಕಾಯತೊಡಗಿದರು, ರೆಫರಿ ಜೊತೆ ವಾದಕ್ಕಿಳಿದರು. ಆಟ 157–155ಕ್ಕೆ ಮುಗಿಯಿತು. ಆದರೆ 2023ರಲ್ಲಿ ಇದೇ ಬಗೆಯ ನಿಯಮ ಇದ್ದರೂ ಆಟ ಮತ್ತೆ ಸಪ್ಪೆಯಾಯಿತು. ನಿಯಮ ಬಾಗಿಲು ತೆರೆಯಬಹುದು. ಒಳಗೆ ಬರುವ ಮನಸ್ಸು ಆಟಗಾರರಿಗೇ ಇರಬೇಕು.

ಅಂತರವೂ ಅಲ್ಲ, ಸ್ಕೋರೂ ಅಲ್ಲ. ಹಾಗಾದರೆ ಏನು? ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಚೆಂಡು ಹಿಡಿದವನ ಮುಂದೆ ಒಂದಕ್ಕಿಂತ ಹೆಚ್ಚು ದಾರಿ ಇರಬೇಕು. ಆ ದಾರಿಗಳನ್ನು ಐದೂ ಜನ ಸೇರಿ ಹುಟ್ಟಿಸುತ್ತಿರುವುದು ನಮ್ಮ ಕಣ್ಣಿಗೆ ಕಾಣಬೇಕು. ಎದುರಾಳಿಗಳು ಆ ದಾರಿಗಳನ್ನು ನಿಜವಾಗಿಯೂ ಮುಚ್ಚಲು ಹೋರಾಡಬೇಕು. ಈ ಮೂರೂ ಇದ್ದರೆ ಮುಂದೆ ಚೆಂಡು ಯಾರ ಕೈಗೆ ಹೋಗುತ್ತದೆ ಎಂದು ಮನಸ್ಸು ತಾನಾಗಿ ಊಹಿಸಲು ಶುರು ಮಾಡುತ್ತದೆ. ಊಹೆ ತಪ್ಪಾದಾಗ ಸಿಗುವ ಖುಷಿ ಇದೆಯಲ್ಲ, ನಾವು ಟಿವಿ ಮುಂದೆ ಕೂರುವುದು ಅದಕ್ಕೇ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸ್ಯಾನ್ ಆಂಟೋನಿಯೊ ಸ್ಪರ್ಸ್. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಒಂದೇ ತಂಡ ಎರಡು ರೀತಿ ಕಂಡ ಕಥೆ ಇದು.

2007ರ ಫೈನಲ್. ಎನ್‌ಬಿಎಯಲ್ಲಿ ಫೈನಲ್ ಎಂದರೆ ಒಂದೇ ಪಂದ್ಯವಲ್ಲ, ಏಳರಲ್ಲಿ ಮೊದಲು ನಾಲ್ಕು ಗೆದ್ದವರು ಚಾಂಪಿಯನ್. ಸ್ಪರ್ಸ್ ಕ್ಲೀವ್‌ಲ್ಯಾಂಡನ್ನು 4–0ಯಿಂದ ಸೋಲಿಸಿತು. ಮೂರನೇ ಪಂದ್ಯದ ಸ್ಕೋರ್ 75–72. ಕೋಚ್ ಗ್ರೆಗ್ ಪಾಪೊವಿಚ್. ಮುಖ್ಯ ಆಟಗಾರರು ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ. ಅದು ಬಹಳ ದೊಡ್ಡ ತಂಡ. ಆದರೆ "ಸ್ಪರ್ಸ್ ಆಟ ಬೋರು" ಎಂಬ ಮಾತು ಆಗ ಎಲ್ಲೆಲ್ಲೂ ಕೇಳುತ್ತಿತ್ತು. ಚೆಂಡು ಡಂಕನ್ ಕೈಗೆ ಹೋಗುತ್ತದೆ, ಅವರು ಬೆನ್ನು ತಿರುಗಿಸಿ ಒಳಗೆ ತಳ್ಳುತ್ತಾರೆ, ಬೋರ್ಡಿಗೆ ತಾಗಿಸಿ ಹಾಕುತ್ತಾರೆ. ಗೆಲುವು ಖಚಿತ, ದಾರಿಯೂ ಖಚಿತ.

ಈಗ 2014ಕ್ಕೆ ಬನ್ನಿ. ಅದೇ ಕೋಚ್, ಅದೇ ಮೂವರು, ಎಲ್ಲರಿಗೂ ಏಳು ವರ್ಷ ಜಾಸ್ತಿ ವಯಸ್ಸು. ಫೈನಲ್‌ನಲ್ಲಿ ಎದುರಾಳಿ ಮಯಾಮಿ ಹೀಟ್. ಹಿಂದಿನ ವರ್ಷ ಇದೇ ಮಯಾಮಿ ಎದುರು ಆರನೇ ಪಂದ್ಯದಲ್ಲಿ, ಐದೇ ಸೆಕೆಂಡ್ ಉಳಿದಿದ್ದಾಗ ರೇ ಆಲೆನ್ ಹಾಕಿದ ತ್ರೀ ಪಾಯಿಂಟರ್‌ನಿಂದ (ದೂರದ ಗೆರೆಯ ಹೊರಗಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಸ್ಪರ್ಸ್ ಕೈಗೆ ಬಂದಿದ್ದ ಟ್ರೋಫಿ ಜಾರಿತ್ತು. 2014ರಲ್ಲಿ ಸ್ಪರ್ಸ್ 4–1ರಿಂದ ಗೆದ್ದಿತು. ಗೆದ್ದ ನಾಲ್ಕು ಪಂದ್ಯಗಳ ಅಂತರ 15, 19, 21, 17. ಅಂದರೆ ಒಂದೂ ಕೊನೆಯ ಕ್ಷಣದ ಪಂದ್ಯವಲ್ಲ. ಎಲ್ಲವೂ ಏಕಪಕ್ಷೀಯ. ಆದರೂ ಬಾಸ್ಕೆಟ್‌ಬಾಲ್ ಪ್ರೀತಿಸುವವರು ಇವತ್ತಿಗೂ ಹುಡುಕಿಕೊಂಡು ಹೋಗಿ ನೋಡುವ ಫೈನಲ್ ಅದು.

ಯಾಕೆ? ಪಾಪೊವಿಚ್ ತಂಡಕ್ಕೆ ಒಂದು ಸರಳ ಅಭ್ಯಾಸ ಹಚ್ಚಿದ್ದರು. ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಹೊಡೆ, ಕೊಡು, ಇಲ್ಲವೇ ನುಗ್ಗು. ಹಿಡಿದುಕೊಂಡು ಯೋಚಿಸುವ ಹಾಗಿಲ್ಲ. ಇದರ ಪರಿಣಾಮ ಏನು ಗೊತ್ತೇ? ಪಾರ್ಕರ್ ಒಳಗೆ ನುಗ್ಗುತ್ತಾರೆ. ಅವರನ್ನು ತಡೆಯಲು ಎರಡನೇ ಡಿಫೆಂಡರ್ ಓಡಿ ಬರುತ್ತಾನೆ. ಅವನು ಬಿಟ್ಟುಬಂದ ಜಾಗದಲ್ಲಿ ಬೋರಿಸ್ ಡಿಯಾವ್ ಖಾಲಿ ನಿಂತಿರುತ್ತಾರೆ, ಚೆಂಡು ಅಲ್ಲಿಗೆ ಹೋಗುತ್ತದೆ. ಮೂರನೆಯವನು ಡಿಯಾವ್ ಕಡೆ ಓಡುತ್ತಾನೆ. ಅಷ್ಟರಲ್ಲಿ ಚೆಂಡು ಮೂಲೆಯಲ್ಲಿರುವ ಡ್ಯಾನಿ ಗ್ರೀನ್ ಕೈಯಲ್ಲಿ. ಅವರ ಕಡೆ ನಾಲ್ಕನೆಯವನು ಹಾರುತ್ತಾನೆ. ಚೆಂಡು ಮತ್ತೆ ಹೊರಗೆ, ಪ್ಯಾಟಿ ಮಿಲ್ಸ್ ಬಳಿ. ಮಿಲ್ಸ್ ಸುತ್ತ ಯಾರೂ ಇಲ್ಲ. ಎದುರಾಳಿಯ ಐದೂ ಜನ ಸರಿಯಾಗಿಯೇ ಓಡಿದ್ದಾರೆ, ಆದರೆ ಪ್ರತಿಯೊಬ್ಬನೂ ಒಂದು ಹೆಜ್ಜೆ ತಡ. ಓಡುವ ಮನುಷ್ಯನಿಗಿಂತ ಎಸೆದ ಚೆಂಡಿನ ವೇಗ ಯಾವಾಗಲೂ ಜಾಸ್ತಿ. ಆ ಒಂದು ಹೆಜ್ಜೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎನ್ನುವುದನ್ನು ನಾವು ಕೂತಲ್ಲೇ ನೋಡಬಹುದು. ಇದರಲ್ಲಿ ಯಾರೂ ರಿಂಗಿನ ಮೇಲೆ ಹಾರಬೇಕಿಲ್ಲ.

ಇಲ್ಲಿ ಇನ್ನೊಂದು ಸೊಗಸಿದೆ. ಶಾಟ್ ಹೊಡೆಯಬಹುದಾಗಿದ್ದ ಡ್ಯಾನಿ ಗ್ರೀನ್ ತನಗಿಂತ ಖಾಲಿ ಇರುವವನಿಗೆ ಕೊಟ್ಟರಲ್ಲ, ಅದು. ಒಳ್ಳೆಯ ಅವಕಾಶವನ್ನು ಬಿಟ್ಟು ಇನ್ನೂ ಒಳ್ಳೆಯ ಅವಕಾಶ ಹುಡುಕುವುದು. ಹಣ, ಹೆಸರು, ಮುಂದಿನ ಕಾಂಟ್ರ್ಯಾಕ್ಟು ಎಲ್ಲವೂ ಪಾಯಿಂಟಿನ ಮೇಲೆ ನಿಂತಿರುವ ವೃತ್ತಿಪರ ಆಟದಲ್ಲಿ ಒಬ್ಬ ಆಟಗಾರ ಹಾಗೆ ಮಾಡಿದಾಗ ನನಗೆ ಪ್ರತಿ ಸಲ ಮನಸ್ಸು ತುಂಬಿಬರುತ್ತದೆ.

ಒಂದು ಪ್ರಶ್ನೆ ನಿಮ್ಮಲ್ಲಿ ಎದ್ದಿರಬೇಕು. ಊಹೆಗೆ ಸಿಗದಿರುವುದೇ ಚೆಂದ ಎಂದಾದರೆ, ಮುಂದೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದೂ ನೋಡಲು ಚೆನ್ನಾಗಿರುವ ಆಟ ಇಲ್ಲವೇ? ಇದೆ. ಕರೀಮ್ ಅಬ್ದುಲ್ ಜಬ್ಬಾರ್ ಅವರ ಸ್ಕೈ ಹುಕ್ ಅಂಥದ್ದು. ಇದರ ಹಿಂದೆ ಒಂದು ಕಥೆ ಇದೆ, ಸ್ವಲ್ಪ ಆಚೆ ಹೋಗಿ ಬರೋಣ.

ಬಾಸ್ಕೆಟ್‌ಬಾಲ್ ರಿಂಗ್ ಹತ್ತು ಅಡಿ ಎತ್ತರದಲ್ಲಿದೆ. 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್‌ನ ಬಾಲ್ಕನಿ ಕಂಬಿಗೆ ಕಟ್ಟಿದರು. ಕಂಬಿ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಅವತ್ತಿನಿಂದ ಆ ಎತ್ತರ ಬದಲಾಗಿಲ್ಲ, ಆಟಗಾರರು ಮಾತ್ರ ಬೆಳೆಯುತ್ತ ಹೋದರು. 1967ರಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಡಂಕ್ ಮಾಡುವುದನ್ನೇ, ಅಂದರೆ ಹಾರಿ ಚೆಂಡನ್ನು ಮೇಲಿಂದ ರಿಂಗಿನೊಳಗೆ ತುರುಕುವುದನ್ನೇ, ನಿಷೇಧಿಸಿದರು. ಆಗ ಕಾಲೇಜು ತಂಡದಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದವರು ಕರೀಮ್. ಅವರ ಹೆಸರು ಆಗ ಲ್ಯೂ ಆಲ್ಸಿಂಡರ್. ಡಂಕ್ ಇಲ್ಲ ಎಂದಾಗ ಅವರು ಹುಕ್ ಶಾಟ್ ಕಡೆ ತಿರುಗಿ ಅದನ್ನು ಸಾಣೆ ಹಿಡಿದರು. ಪಕ್ಕಕ್ಕೆ ತಿರುಗಿ, ಒಂದು ಕೈ ನೇರ ಮೇಲೆತ್ತಿ, ತಲೆಯ ಮೇಲಿಂದ ಚೆಂಡನ್ನು ತೇಲಿಬಿಡುವುದು. ಎದುರು ನಿಂತವನಿಗೆ ಅದು ಬರುತ್ತದೆ ಎಂದು ಗೊತ್ತು. ತಡೆಯಲು ಆಗುತ್ತಿರಲಿಲ್ಲ ಅಷ್ಟೇ. ಇಪ್ಪತ್ತು ಸೀಸನ್ ಅದನ್ನೇ ಹೊಡೆದರು.

ಇದು ನನ್ನ ಮಾತಿಗೆ ವಿರುದ್ಧ ಎನಿಸಬಹುದು. ಆದರೆ ಅವರು 1980ರ ದಶಕದಲ್ಲಿ ಆಡಿದ ಲೇಕರ್ಸ್ ತಂಡವನ್ನು ನೆನಪಿಸಿಕೊಳ್ಳಿ. ಆ ದಶಕದಲ್ಲಿ ಐದು ಸಲ ಚಾಂಪಿಯನ್. ಜನ "ಶೋಟೈಮ್" ಎಂದೇ ಕರೆದರು. ಮ್ಯಾಜಿಕ್ ಜಾನ್ಸನ್ ಚೆಂಡು ಹಿಡಿದು ಓಡುತ್ತಿದ್ದರು. ಎಡಗಡೆ ನೋಡಿ ಬಲಗಡೆ ಕೊಡುತ್ತಿದ್ದರು. ಪಕ್ಕದಲ್ಲಿ ಜೇಮ್ಸ್ ವರ್ದಿ ಗಾಳಿಯಂತೆ ಬರುತ್ತಿದ್ದರು. ಈ ಓಟಕ್ಕೆ ದಾರಿ ಸಿಗದಿದ್ದಾಗ ಮಾತ್ರ ಚೆಂಡು ಕರೀಮ್ ಕೈಗೆ. ಒಂದು ಗೊತ್ತಿರುವ ಶಾಟ್, ಅದರ ಸುತ್ತ ಗೊತ್ತಿಲ್ಲದ ನೂರು ಸಂಗತಿಗಳು. ಎರಡೂ ಇದ್ದದ್ದರಿಂದಲೇ ಆ ತಂಡಕ್ಕೆ ಅಷ್ಟು ಕಳೆ. ಮ್ಯಾಜಿಕ್ ತಮ್ಮ ಮೊದಲ ಸೀಸನ್‌ನಲ್ಲೇ, 1980ರ ಫೈನಲ್‌ನ ಆರನೇ ಪಂದ್ಯದಲ್ಲಿ, ಗಾಯಗೊಂಡ ಕರೀಮ್ ಬದಲು ಸೆಂಟರ್ ಸ್ಥಾನದಲ್ಲಿ (ಸಾಮಾನ್ಯವಾಗಿ ತಂಡದ ಅತಿ ಎತ್ತರದವರು ಆಡುವ ಜಾಗ) ಆಟ ಶುರು ಮಾಡಿ 42 ಪಾಯಿಂಟ್ ಹೊಡೆದರು. ಇಪ್ಪತ್ತು ವರ್ಷದ ಹುಡುಗ. ತಂಡದ ಒಳಗೇ ಇಂಥ ಅಚ್ಚರಿಗಳು ಅಡಗಿರಬೇಕು.

ಈಗ ಸ್ಟೆಫ್ ಕರಿ. ಅವರ ಬಗ್ಗೆ ಎಲ್ಲರೂ ದೂರದ ಶಾಟ್ ಮಾತಾಡುತ್ತಾರೆ, ತಪ್ಪಿಲ್ಲ. 2015–16ರ ಸೀಸನ್‌ನಲ್ಲಿ ಅವರು 402 ತ್ರೀ ಪಾಯಿಂಟರ್ ಹಾಕಿದರು. ಹಿಂದಿನ ದಾಖಲೆ 286, ಅದೂ ಅವರದ್ದೇ. ಆ ವರ್ಷ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಪಂದ್ಯ ಗೆದ್ದಿತು, ಸೋತದ್ದು 9. ಫೆಬ್ರವರಿ 27ರಂದು ಓಕ್ಲಹೋಮ ಸಿಟಿಯಲ್ಲಿ ಪಂದ್ಯ ಸಮವಾಗಿ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಸಮಯಕ್ಕೆ ಹೋಯಿತು. 118–118 ಇದ್ದಾಗ ಕರಿ ಅರ್ಧ ಗೆರೆ ದಾಟಿ ಕೆಲವೇ ಹೆಜ್ಜೆ ಇಟ್ಟು, ಸುಮಾರು 37 ಅಡಿ ದೂರದಿಂದ ಹೊಡೆದರು. ಆ ರಾತ್ರಿ ಅದು ಅವರ ಹನ್ನೆರಡನೇ ತ್ರೀ ಪಾಯಿಂಟರ್. ಆಟ ನಿಲ್ಲಿಸಿ ಮಾತಾಡಿಕೊಳ್ಳಲು ತಂಡದ ಬಳಿ ಟೈಮ್ಔಟ್ ಇತ್ತು. ಕೋಚ್ ಸ್ಟೀವ್ ಕರ್ ತೆಗೆದುಕೊಳ್ಳಲಿಲ್ಲ. ಆ ನಿರ್ಧಾರವೂ ನನಗೆ ಇಷ್ಟ. ಆಟ ಹರಿಯುತ್ತಿದೆ, ಹರಿಯಲಿ ಬಿಡಿ ಎಂದ ಹಾಗೆ.

ಆದರೆ ಆ ತಂಡದ ನಿಜವಾದ ಚೆಂದ ಬೇರೆ ಕಡೆ ಇತ್ತು. ಕರಿ ಚೆಂಡು ಕೊಟ್ಟ ಮೇಲೆ ಏನು ಮಾಡುತ್ತಾರೆ ನೋಡಿ. ಬೇರೆ ದೊಡ್ಡ ಆಟಗಾರರು ಪಾಸ್ ಕೊಟ್ಟು ಒಂದು ಉಸಿರು ತೆಗೆದುಕೊಳ್ಳುತ್ತಾರೆ. ಕರಿ ಓಡಲು ಶುರು ಮಾಡುತ್ತಾರೆ. ಒಬ್ಬರ ಹಿಂದೆ ಸುತ್ತಿ, ಇನ್ನೊಬ್ಬರ ಪಕ್ಕ ಜಾರಿ, ಮೂಲೆಗೆ ಹೋದಂತೆ ಮಾಡಿ ವಾಪಸ್ ಬರುತ್ತಾರೆ. ಇಬ್ಬರು ಡಿಫೆಂಡರ್‌ಗಳು ಗಾಬರಿಯಲ್ಲಿ ಅವರ ಹಿಂದೆ ಹೋಗುತ್ತಾರೆ. ಅಷ್ಟರಲ್ಲಿ ಬೇರೆ ಯಾರೋ ರಿಂಗಿನ ಕೆಳಗೆ ಒಬ್ಬರೇ ನಿಂತು ಆರಾಮಾಗಿ ಹಾಕಿಬಿಡುತ್ತಾರೆ. ಸ್ಕೋರ್ ಶೀಟಿನಲ್ಲಿ ಕರಿ ಹೆಸರೇ ಇಲ್ಲ. ಆದರೆ ಆ ಬಾಸ್ಕೆಟ್ ಅವರದ್ದು. ಇದು ಕಣ್ಣಿಗೆ ಬಿದ್ದ ದಿನದಿಂದ ನಿಮಗೆ ಈ ಆಟ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕರಿಯ ಗೆಲುವಿನಿಂದ ಒಂದು ತೊಂದರೆಯೂ ಆಯಿತು. ಎಲ್ಲರೂ ದೂರದಿಂದ ಹೊಡೆಯಲು ನಿಂತರು. ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ ಬಂದದ್ದು 1979ರಲ್ಲಿ. ಆ ಸೀಸನ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಮೂರು ಸಲವೂ ಪ್ರಯತ್ನಿಸುತ್ತಿರಲಿಲ್ಲ. ಈಗ 35 ದಾಟಿದೆ. ಲೆಕ್ಕ ಸರಳ: ದೂರದಿಂದ ನೂರಕ್ಕೆ 36 ಬಿದ್ದರೂ ಹತ್ತಿರದಿಂದ ನೂರಕ್ಕೆ 54 ಬಿದ್ದಷ್ಟೇ ಲಾಭ. ಹಾಗಾಗಿ ತಂಡಗಳನ್ನು ಬೈಯುವ ಹಾಗಿಲ್ಲ. ಅವು ಗೆಲ್ಲಲು ಆಡುತ್ತಿವೆ.

ಆದರೆ ನೋಡುವವರ ಕಷ್ಟವನ್ನೂ ಹೇಳಬೇಕಲ್ಲ. 2018ರಲ್ಲಿ ಹ್ಯೂಸ್ಟನ್ ರಾಕೆಟ್ಸ್ 65 ಪಂದ್ಯ ಗೆದ್ದಿತು. ಜೇಮ್ಸ್ ಹಾರ್ಡನ್ ಆ ವರ್ಷದ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ. ಅವರು ಚೆಂಡನ್ನು ತಟ್ಟುತ್ತ ನಿಲ್ಲುತ್ತಾರೆ, ಎದುರಿನವನನ್ನು ಅಳೆಯುತ್ತಾರೆ, ಹಿಂದಕ್ಕೆ ಹೆಜ್ಜೆ ಇಟ್ಟು ಹೊಡೆಯುತ್ತಾರೆ. ಆ ಕೌಶಲ್ಯ ಅಪರೂಪದ್ದು. ಉಳಿದ ನಾಲ್ವರು ಮಾತ್ರ ಗೆರೆಯ ಹೊರಗೆ ನಿಂತು ನೋಡುತ್ತಿರುತ್ತಾರೆ, ನಮ್ಮ ಹಾಗೆಯೇ. ಆ ವರ್ಷ ವಾರಿಯರ್ಸ್ ಎದುರಿನ ಏಳನೇ ಪಂದ್ಯದಲ್ಲಿ ರಾಕೆಟ್ಸ್ ಸತತವಾಗಿ 27 ತ್ರೀ ಪಾಯಿಂಟರ್ ತಪ್ಪಿಸಿತು. ಒಟ್ಟು 44ರಲ್ಲಿ ಬಿದ್ದದ್ದು 7. ಗೆದ್ದರೆ ಫೈನಲ್ ಎನ್ನುವ ಪಂದ್ಯ ಅದು. ಶಾಟ್ ಬೀಳದ ದಿನ ಯಾವ ತಂಡಕ್ಕೂ ಬರುತ್ತದೆ. ಆದರೆ ಬೇರೆ ದಾರಿ ಇದ್ದ ತಂಡ ಅಂಥ ದಿನವೂ ನೋಡಲು ಏನಾದರೂ ಕೊಡುತ್ತದೆ. ಒಂದೇ ದಾರಿಯ ತಂಡ ಆ ದಿನ ನಮ್ಮ ಕೈಗೆ ಬರೀ ಸಂಕಟ ಕೊಟ್ಟು ಹೋಗುತ್ತದೆ.

ಇಲ್ಲಿಯವರೆಗೆ ಹೊಡೆಯುವವರ ಮಾತಾಯಿತು. ತಡೆಯುವವರ ಆಟವೂ ಅಷ್ಟೇ ಚೆಂದ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. 2004ರ ಡೆಟ್ರಾಯಿಟ್ ಪಿಸ್ಟನ್ಸ್ ತಂಡದಲ್ಲಿ ಪೋಸ್ಟರಿಗೆ ಹಾಕುವಂಥ ಹೆಸರು ಕಡಿಮೆ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಬೆನ್ ವಾಲೇಸ್ ಅಲ್ಲಿನ ಕೋಟೆಗೋಡೆ. ಎದುರಿಗಿದ್ದ ಲೇಕರ್ಸ್‌ನಲ್ಲಿ ಶಾಕೀಲ್ ಓನೀಲ್, ಕೋಬಿ ಬ್ರಯಾಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್. ಪಿಸ್ಟನ್ಸ್ 4–1ರಿಂದ ಗೆದ್ದಿತು. ಮೂರನೇ ಪಂದ್ಯದಲ್ಲಿ ಲೇಕರ್ಸ್‌ಗೆ ಸಿಕ್ಕಿದ್ದು 68 ಪಾಯಿಂಟ್.

ಆ ಫೈನಲ್‌ಗೆ ಮುಂಚೆ ಇಂಡಿಯಾನಾ ಪೇಸರ್ಸ್ ಎದುರು ಒಂದು ಘಟನೆ ನಡೆಯಿತು. ಪಿಸ್ಟನ್ಸ್ ಎರಡು ಪಾಯಿಂಟ್ ಮುಂದೆ. ಇಪ್ಪತ್ತು ಸೆಕೆಂಡಿಗಿಂತ ಕಡಿಮೆ ಉಳಿದಿದೆ. ರೆಗ್ಗಿ ಮಿಲ್ಲರ್‌ಗೆ ಚೆಂಡು ಸಿಕ್ಕಿದೆ, ಮುಂದೆ ಯಾರೂ ಇಲ್ಲ, ಬರೀ ಲೇಅಪ್, ರಿಂಗಿನ ಹತ್ತಿರದಿಂದ ಹಾಕುವ ಸುಲಭದ ಶಾಟ್. ಸಮ ಆಯಿತು ಎಂದೇ ಎಲ್ಲರೂ ಅಂದುಕೊಂಡರು. ತುಂಬಾ ಹಿಂದಿನಿಂದ ಟೆಶಾನ್ ಪ್ರಿನ್ಸ್ ಓಡಿ ಬಂದು, ಉದ್ದನೆಯ ಕೈ ಚಾಚಿ ಚೆಂಡನ್ನು ತಟ್ಟಿ, ಆ ವೇಗಕ್ಕೆ ಪ್ರೇಕ್ಷಕರ ಸಾಲಿನೊಳಗೆ ಹೋದರು. ಹನ್ನೆರಡು ವರ್ಷದ ನಂತರ, 2016ರ ಫೈನಲ್‌ನ ಏಳನೇ ಪಂದ್ಯದಲ್ಲಿ, 89–89 ಇದ್ದಾಗ ಲೆಬ್ರಾನ್ ಜೇಮ್ಸ್ ಅದೇ ರೀತಿ ಹಿಂದಿನಿಂದ ಬಂದು ಆಂಡ್ರೆ ಇಗ್ವಡಾಲಾ ಶಾಟನ್ನು ಬೋರ್ಡಿಗೆ ಅಪ್ಪಳಿಸಿದರು. ಇಂಥ ಬ್ಲಾಕ್ ಯಾಕೆ ಮೈ ಜುಮ್ಮೆನಿಸುತ್ತದೆ? ಯಾಕೆಂದರೆ ಹೊಡೆಯುವವನಿಗೆ ಕಾಣದ್ದು ನಮಗೆ ಕಾಣುತ್ತಿರುತ್ತದೆ. ಮುಂದೆ ಓಡುವವನು ಒಬ್ಬ, ಹಿಂದೆ ಓಡುವವನು ಇನ್ನೊಬ್ಬ, ಇಬ್ಬರೂ ಯಾವಾಗ ಸೇರುತ್ತಾರೆ ಎಂದು ನಾವು ಎರಡೇ ಸೆಕೆಂಡಿನಲ್ಲಿ ಲೆಕ್ಕ ಹಾಕುತ್ತಿರುತ್ತೇವೆ.

ಆದರೆ ತಡೆಯುವುದು ಬೇರೆ, ಹಿಡಿದು ನಿಲ್ಲಿಸುವುದು ಬೇರೆ. 2004–05ರ ಸೀಸನ್‌ಗೆ ಮುಂಚೆ ಎನ್‌ಬಿಎ ಒಂದು ವಿಷಯ ಬಿಗಿ ಮಾಡಿತು. ಹೊರಗಡೆ ಚೆಂಡು ತರುವವನ ಮೈಮೇಲೆ ಕೈಯಿಟ್ಟು ತಳ್ಳಿ ದಾರಿ ತಪ್ಪಿಸುವಂತಿಲ್ಲ ಎಂದಿತು. ಅದೇ ಸೀಸನ್‌ನಲ್ಲಿ ಫೀನಿಕ್ಸ್ ಸನ್ಸ್‌ಗೆ ಸ್ಟೀವ್ ನ್ಯಾಶ್ ಬಂದರು. ಹಿಂದಿನ ವರ್ಷ 29 ಗೆಲುವು ಕಂಡಿದ್ದ ತಂಡ ಆ ವರ್ಷ 62 ಗೆದ್ದಿತು. ಕೋಚ್ ಮೈಕ್ ಡಿ'ಆಂಟೋನಿ. ಏಳು ಸೆಕೆಂಡಿನೊಳಗೆ ಶಾಟ್ ಹುಡುಕು ಎನ್ನುವುದು ಅವರ ಆಟದ ಗುರುತಾಯಿತು. ನ್ಯಾಶ್ ಸತತ ಎರಡು ವರ್ಷ ಎಂವಿಪಿ ಆದರು. ಆರು ಅಡಿ ಮೂರು ಇಂಚು, ಹಾರುವ ಶಕ್ತಿ ಕಡಿಮೆ, ಆದರೆ ರಿಂಗಿನ ಕೆಳಗೆ ನುಗ್ಗಿ, ಹೊಡೆಯದೆ, ಚೆಂಡು ತಟ್ಟುವುದನ್ನು ನಿಲ್ಲಿಸದೆ ಆ ಕಡೆಯಿಂದ ಹೊರಗೆ ಬಂದುಬಿಡುತ್ತಿದ್ದರು. ಈ ತಂಡ ಒಮ್ಮೆಯೂ ಫೈನಲ್ ತಲುಪಲಿಲ್ಲ. ಅದರಿಂದ ನನ್ನ ಪ್ರೀತಿಯೇನೂ ಕಡಿಮೆಯಾಗಿಲ್ಲ.

ಆಟವನ್ನು ಕೆಡಿಸುವುದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಫೌಲ್ ಬೇಟೆ. ಹೊಡೆಯುವ ಉದ್ದೇಶವೇ ಇಲ್ಲದೆ, ಎದುರಿನವನ ಕೈಗೆ ತನ್ನ ಕೈ ಸಿಕ್ಕಿಸಿ ಫ್ರೀ ಥ್ರೋ (ಯಾರೂ ಅಡ್ಡ ಬರದ ಶಾಟ್) ಗಿಟ್ಟಿಸುವುದು. ಪಕ್ಕಕ್ಕೆ ಹಾರಿ ಡಿಫೆಂಡರ್‌ಗೆ ಡಿಕ್ಕಿ ಹೊಡೆಯುವುದು. 2021ರಲ್ಲಿ ಎನ್‌ಬಿಎ ಇಂಥ ಅಸಹಜ ಚಲನೆಗಳಿಗೆ ಫ್ರೀ ಥ್ರೋ ಕೊಡುವುದನ್ನು ನಿಲ್ಲಿಸಿತು. ಒಳ್ಳೆಯದಾಯಿತು. ಆದರೂ ಕೊನೆಯ ಎರಡು ನಿಮಿಷ ಹತ್ತು ಹದಿನೈದು ನಿಮಿಷ ಎಳೆಯುವ ಪಂದ್ಯಗಳು ಇವತ್ತಿಗೂ ಇವೆ. ಬೇಕೆಂದೇ ಫೌಲ್, ಎರಡು ಫ್ರೀ ಥ್ರೋ, ಟೈಮ್ಔಟ್, ಮತ್ತೆ ಫೌಲ್. ಇದರ ಬಗ್ಗೆ ಇಷ್ಟು ಸಾಕು.

ಇವತ್ತು ಆಡುತ್ತಿರುವವರಲ್ಲಿ ನನ್ನ ಮಾತಿಗೆ ಅತಿ ಹತ್ತಿರದವರು ನಿಕೋಲ ಯೋಕಿಚ್. 2014ರ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಿದ್ದು 41ನೆಯವರಾಗಿ. ಅವರ ಹೆಸರು ಕೂಗುವಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಆಮೇಲೆ ಮೂರು ಸಲ ಎಂವಿಪಿ, 2023ರಲ್ಲಿ ಡೆನ್ವರ್ ನಗೆಟ್ಸ್‌ಗೆ ಮೊದಲ ಚಾಂಪಿಯನ್ ಪಟ್ಟ. ಓಡುವುದು ನಿಧಾನ, ಹಾರುವುದು ಕಡಿಮೆ. ಆದರೆ ರಿಬೌಂಡ್, ಅಂದರೆ ಬೀಳದೆ ಪುಟಿದ ಚೆಂಡು, ಹಿಡಿದ ಕೈಯಲ್ಲೇ ಕೋರ್ಟಿನ ಆ ತುದಿಗೆ ಚೆಂಡು ಎಸೆಯುತ್ತಾರೆ. ಬೆನ್ನ ಹಿಂದೆ ಓಡಿ ಬರುವವನಿಗೆ ತಿರುಗಿ ನೋಡದೆ ಕೊಡುತ್ತಾರೆ. ಅವರ ಜೊತೆ ಆಡುವವರು ನಿಲ್ಲುವುದೇ ಇಲ್ಲ, ಯಾಕೆಂದರೆ ಖಾಲಿ ಜಾಗಕ್ಕೆ ಓಡಿದರೆ ಚೆಂಡು ಬಂದೇ ಬರುತ್ತದೆ ಎಂಬ ಭರವಸೆ ಇದೆ. ಒಳ್ಳೆಯ ಪಾಸ್ ಕೊಡುವವನು ಒಬ್ಬ ಇದ್ದರೆ ಉಳಿದ ನಾಲ್ವರ ಕಾಲಿಗೆ ಜೀವ ಬರುತ್ತದೆ.

ಮಹಿಳೆಯರ ಡಬ್ಲ್ಯುಎನ್‌ಬಿಎಯಲ್ಲೂ ಇದೇ ಕಾಣುತ್ತದೆ. ಕೇಟ್ಲಿನ್ ಕ್ಲಾರ್ಕ್ ಎಂದರೆ ಎಲ್ಲರಿಗೂ ದೂರದ ಶಾಟ್ ನೆನಪಾಗುತ್ತದೆ. ಆದರೆ 2024ರಲ್ಲಿ ತಮ್ಮ ಮೊದಲ ಸೀಸನ್‌ನಲ್ಲೇ ಅವರು ಮುರಿದ ದೊಡ್ಡ ದಾಖಲೆಗಳು ಅಸಿಸ್ಟ್‌ನವು, ಅಂದರೆ ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್‌ಗಳವು. ಒಂದೇ ಪಂದ್ಯದಲ್ಲಿ 19, ಇಡೀ ಸೀಸನ್‌ನಲ್ಲಿ 337. ಅವರ ತಂಡ ಇಂಡಿಯಾನಾ ಫೀವರ್‌ನ ಪಂದ್ಯ ನೋಡುವಾಗ ರಿಬೌಂಡ್ ಅವರ ಕೈಗೆ ಸಿಕ್ಕ ಕ್ಷಣ ಗಮನಿಸಿ. ಅವರ ತಲೆ ಆಗಲೇ ಮೇಲೆದ್ದು ಮುಂದೆ ಯಾರು ಓಡುತ್ತಿದ್ದಾರೆ ಎಂದು ಹುಡುಕುತ್ತಿರುತ್ತದೆ.

ಅದೇ ಊರಿನ ಇನ್ನೊಂದು ತಂಡ ಪೇಸರ್ಸ್ 2025ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತ) ಮಾಡಿದ್ದನ್ನು ಹೇಳದೆ ಮಾತು ಮುಗಿಸಲಾರೆ. ಆ ತಂಡದಲ್ಲಿ ಹತ್ತು ಜನ ಆಡುತ್ತಿದ್ದರು, ಎಲ್ಲರೂ ಓಡುತ್ತಿದ್ದರು, ಚೆಂಡು ಯಾರ ಬಳಿಯೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನ್ಯೂಯಾರ್ಕ್ ನಿಕ್ಸ್ ಎದುರು ಮೊದಲ ಪಂದ್ಯದಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ 14 ಪಾಯಿಂಟ್ ಹಿಂದಿದ್ದರು. ಆ ಕ್ವಾರ್ಟರ್‌ನಲ್ಲಿ ಆರನ್ ನೆಸ್ಮಿತ್ ಆರು ತ್ರೀ ಪಾಯಿಂಟರ್ ಹಾಕಿದರು. ಕೊನೆಯ ಕ್ಷಣ ಟೈರೀಸ್ ಹ್ಯಾಲಿಬರ್ಟನ್ ಹೊಡೆದ ಶಾಟ್ ರಿಂಗಿಗೆ ಬಡಿದು, ಮೇಲಕ್ಕೆ ಪುಟಿದು, ನೇರ ಒಳಗೆ ಬಿದ್ದು ಸ್ಕೋರ್ ಸಮವಾಯಿತು. ಓವರ್‌ಟೈಮ್‌ನಲ್ಲಿ 138–135ರಿಂದ ಗೆದ್ದರು. ಫೈನಲ್‌ನ ಮೊದಲ ಪಂದ್ಯದಲ್ಲಿ ಓಕ್ಲಹೋಮ ಸಿಟಿ ಥಂಡರ್ ಎದುರು 0.3 ಸೆಕೆಂಡ್ ಉಳಿದಿದ್ದಾಗ ಅದೇ ಹ್ಯಾಲಿಬರ್ಟನ್ ಗೆಲುವಿನ ಶಾಟ್ ಹೊಡೆದರು, 111–110. ಇಡೀ ಪಂದ್ಯದಲ್ಲಿ ಪೇಸರ್ಸ್ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ನೆಲಕ್ಕೆ ಬಿದ್ದರು. ಥಂಡರ್ ಚಾಂಪಿಯನ್ ಆಯಿತು. ಆ ವರ್ಷ ಪಟ್ಟಕ್ಕೆ ಅದು ಅರ್ಹ ತಂಡವೇ, ಅದರ ಡಿಫೆನ್ಸ್ ನೋಡುವುದೂ ಒಂದು ಸಂತೋಷ. ಆದರೆ ಆ ಬೇಸಿಗೆಯ ಆಟ ಎಂದರೆ ನನಗೆ ಪೇಸರ್ಸ್‌ನದೇ.

ಹೊಸದಾಗಿ ನೋಡುವವರು ಎಲ್ಲಿಂದ ಶುರು ಮಾಡಬೇಕು ಎಂದು ಸಭೆಯ ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಕೇಳುತ್ತಿದ್ದಾರೆ. ಒಂದೇ ತಂಡ ಆರಿಸಿಕೊಳ್ಳಿ, ಎರಡು ಮೂರು ವರ್ಷ ಅದನ್ನೇ ನೋಡಿ. ಗೋಲ್ಡನ್ ಸ್ಟೇಟ್ ಕರಿಯನ್ನು 2009ರಲ್ಲಿ, ಕ್ಲೇ ಥಾಂಪ್ಸನ್ ಅವರನ್ನು 2011ರಲ್ಲಿ, ಡ್ರೇಮಂಡ್ ಗ್ರೀನ್ ಅವರನ್ನು 2012ರಲ್ಲಿ ಡ್ರಾಫ್ಟ್‌ನಿಂದ ತಂದಿತು. ಮೂವರೂ ಒಟ್ಟಿಗೆ ಬೆಳೆದದ್ದನ್ನು ನೋಡಿದವರಿಗೆ 2015ರ ಮೊದಲ ಟ್ರೋಫಿ ಬೇರೆಯದೇ ರುಚಿ ಕೊಟ್ಟಿತು. ಇನ್ನು ಪಂದ್ಯ ನೋಡುವಾಗ, ಮೊದಲ ಕ್ವಾರ್ಟರ್ ಪೂರ್ತಿ ಚೆಂಡನ್ನು ಬಿಟ್ಟುಬಿಡಿ. ಚೆಂಡಿಲ್ಲದ ಒಬ್ಬ ಆಟಗಾರನನ್ನು ಆರಿಸಿ ಅವನನ್ನೇ ಹಿಂಬಾಲಿಸಿ. ಅವನು ಯಾವಾಗ ಓಡುತ್ತಾನೆ, ಯಾರ ದಾರಿಗೆ ಅಡ್ಡ ನಿಲ್ಲುತ್ತಾನೆ, ಅವನನ್ನು ಕಾಯುವವನು ಯಾವಾಗ ಒಂದು ಕ್ಷಣ ಬೇರೆ ಕಡೆ ನೋಡುತ್ತಾನೆ. ಎರಡನೇ ಕ್ವಾರ್ಟರ್‌ನಲ್ಲಿ ಮತ್ತೆ ಚೆಂಡಿನ ಕಡೆಗೆ ಬನ್ನಿ. ಮುಂದಿನ ಪಾಸ್ ಎಲ್ಲಿಗೆ ಎಂದು ಪಕ್ಕದವರ ಜೊತೆ ಊಹಿಸಿಕೊಂಡೇ ನೋಡಿ.